ದಂಡು ಕೀಳುವ ಹೊತ್ತು

2021ರ ಆಗಸ್ಟ್ 30ರ ನಡುರಾತ್ರಿಗೆ ತುಸು ಮುನ್ನ ಅಮೆರಿಕದ ಕಟ್ಟಕಡೆಯ ಸೈನಿಕ ವಿಮಾನವು ಕಾಬೂಲಿನ ನೆಲ ಬಿಟ್ಟು ಮೇಲೇರಿದಾಗ, ಇಪ್ಪತ್ತು ವರ್ಷ ನಡೆದ ಸಮರವೊಂದು ಮುಗಿದ ಪರಿಯನ್ನು ದೂರದರ್ಶನದಲ್ಲಿ ಕಂಡ ಜನರೆಲ್ಲ, ಆ ದಂಡು ಅಲ್ಲಿಂದ ಹೊರಡಬೇಕಾದ ಹೊತ್ತು ಯಾವುದಿತ್ತು, ಹೊರಡಬೇಕಾದ ಕ್ರಮ ಎಂತಹುದಿತ್ತು ಎಂಬ ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳಿದರು. ಇವಕ್ಕೆ ನಿದರ್ಶನ ಹುಡುಕಿಕೊಂಡು ಅಫಘಾನಿಸ್ಥಾನಕ್ಕೋ ವಿಯೆಟ್ನಾಮಿಗೋ ಹೋಗುವ ಮುನ್ನ ನಮ್ಮ ಸೀಮೆಯವರು ತಮ್ಮ ಹೊಲದ ಬದುವಿನ ಮೇಲೆಯೇ ನಿಂತು ಒಮ್ಮೆ ಸುತ್ತ ನೋಡಬಹುದು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುವ, ಇಂಡಿ ಸಿಂದಗಿ ಮುದ್ದೇಬಿಹಾಳ ಬಸವನ ಬಾಗೇವಾಡಿಗಳೆಂದು ಇಂದು ನಾವು ಕರೆಯುವ ಈ ಕರಿಯ ನೆಲದ ಮೇಲೆಯೂ ಇದರ ಆಸುಪಾಸಿನಲ್ಲಿಯೂ, ಆ ಕಾಲದ ಭರತಖಂಡದಲ್ಲಿ ಅತ್ಯಂತ ದೊಡ್ಡದೆನಿಸಿದ ಸೈನ್ಯವೊಂದು ಇಪ್ಪತ್ತೈದು ವರ್ಷಕ್ಕೂ ಮಿಕ್ಕ ಕಾಲ ಸುತ್ತಾಡಿತು, ಗೆದ್ದಿತು, ಗೆದ್ದ ಮೇಲೆ ಮನೆಗೆ ಹೋಗುವ ದಾರಿಯನ್ನು ಮಾತ್ರ ಕಾಣಲಿಲ್ಲ.

ಆ ಸೈನ್ಯದ ಒಡೆಯನಾದ ಮೊಗಲ ಬಾದಶಹ ಔರಂಗಜೇಬನು ದಕ್ಷಿಣಕ್ಕೆ ಬಂದುದು ಪರದೇಶದ ಯುದ್ಧಕ್ಕೆಂದು ಹೇಳಬಹುದೆ ಎಂಬ ಆಕ್ಷೇಪಣೆಗೆ ಅವಕಾಶವುಂಟು. ಬಾದಶಹನ ದೃಷ್ಟಿಯಲ್ಲಿ ದಖ್ಖಣವು ತನ್ನ ಸಾಮ್ರಾಜ್ಯಕ್ಕೆ ಸೇರಬೇಕಾದ ನಾಡೇ ಆಗಿತ್ತು. ಆದರೆ ಯಮುನೆಯ ದಂಡೆಯಲ್ಲಿ ಹೆಂಡಿರು ಮಕ್ಕಳನ್ನು ಬಿಟ್ಟು, ಭಾಷೆ ತಿಳಿಯದ, ಗೋದಿಯ ರೊಟ್ಟಿ ದೊರೆಯದ, ಬಾವಿಯ ನೀರು ಸವುಳಾದ ಈ ನೆಲದಲ್ಲಿ ಡೇರೆ ಹೊಡೆದುಕೊಂಡು ಕುಳಿತ ಸವಾರನಿಗೆ ಇದು ಪರದೇಶವಲ್ಲದೆ ಮತ್ತೇನು? ಮನೆಯ ಹಂಬಲಕ್ಕೆ ಸೋತ ಒಬ್ಬ ಅಮೀರನು, ತನ್ನನ್ನು ಒಂದು ವರ್ಷದ ಮಟ್ಟಿಗೆ ದೆಹಲಿಗೆ ಕಳುಹಿಸಿದರೆ ಒಂದು ಲಕ್ಷ ರೂಪಾಯಿ ಒಪ್ಪಿಸುವುದಾಗಿ ಬಾದಶಹನಿಗೇ ಬಿನ್ನವಿಸಿಕೊಂಡನೆಂದು ಜದುನಾಥ ಸರ್ಕಾರರು ಬರೆದಿದ್ದಾರೆ. ಲಂಚವನ್ನು ಕೊಡಲು ಬಂದುದು ಚಕ್ರವರ್ತಿಗೆ ಎಂಬುದೇ ಆ ಹಂಬಲದ ತೀವ್ರತೆಯನ್ನು ತಿಳಿಸುತ್ತದೆ.

1681ರಲ್ಲಿ ಅವನು ಅಜಮೀರದಿಂದ ಹೊರಟಾಗ ಕಾರಣ ಸ್ಪಷ್ಟವಾಗಿತ್ತು. ಬಂಡೆದ್ದ ಮಗ ಅಕ್ಬರನು ಮರಾಠರ ದೊರೆ ಸಂಭಾಜಿಯ ಆಶ್ರಯ ಪಡೆದಿದ್ದನು, ಅವರಿಬ್ಬರನ್ನು ಹತ್ತಿಕ್ಕಬೇಕು, ಅವರಿಗೆ ಬೆಂಬಲವಾಗಬಹುದಾದ ವಿಜಾಪುರ ಗೋಲಕೊಂಡಗಳನ್ನು ಅಡಗಿಸಬೇಕು. ಈ ಪಟ್ಟಿಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದರೆ, ವಿಜಾಪುರವು 1686ರಲ್ಲಿ ಬಿದ್ದಿತು. 1687ರಲ್ಲಿ ಅಕ್ಬರನು ಹಡಗೇರಿ ಪರ್ಷಿಯಕ್ಕೆ ನಡೆದನು. ಅದೇ ವರ್ಷ ಗೋಲಕೊಂಡವೂ ಮುಗಿಯಿತು. 1689ರಲ್ಲಿ ಸಂಭಾಜಿಯನ್ನು ಸಂಗಮೇಶ್ವರದಲ್ಲಿ ಸೆರೆಹಿಡಿದು ಕೊಂದದ್ದೂ ಆಯಿತು, ರಾಯಗಡವನ್ನು ಹಿಡಿದದ್ದೂ ಆಯಿತು. ಬಂದ ಕೆಲಸವೆಲ್ಲ ಸುಮಾರು ಎಂಟು ವರ್ಷದಲ್ಲಿ ತೀರಿತು. ಅಲ್ಲಿಂದ ಮುಂದೆ ಅವನು ಇಲ್ಲಿ ಕಳೆದುದು ಇನ್ನೂ ಹದಿನೆಂಟು ವರ್ಷ.

ಹೀಗೇಕಾಯಿತೆಂದು ವಿಚಾರಿಸುವವರು ಸಾಮಾನ್ಯವಾಗಿ ಅವನ ಹಟವನ್ನೋ ಮತಾಭಿಮಾನವನ್ನೋ ಮುಂದೆ ಮಾಡುತ್ತಾರೆ. ನನಗೆ ತೋರುವ ಕಾರಣ ಬೇರೊಂದು. ಅದು ವಿಜಾಪುರದ ಕೋಟೆಯ ಹೊರಗಿನ ಒಂದು ಡೇರೆಯಲ್ಲಿ 1685ರ ಮಳೆಗಾಲದ ಸುಮಾರಿಗೆ ಹುಟ್ಟಿತು.

ಆಗ ಮುತ್ತಿಗೆಯ ಮುಖಂಡನಾಗಿದ್ದವನು ಶಹಜಾದೆ ಆಜಮ. ಬಾದಶಹನು ಸೊಲ್ಲಾಪುರದಲ್ಲಿದ್ದನು. ಸೊಲ್ಲಾಪುರದಿಂದ ಭೀಮೆಯನ್ನು ದಾಟಿ ಇಂದಿನ ಇಂಡಿಯ ಸೀಮೆಯನ್ನು ಹಾಯ್ದು ಬರಬೇಕಾದ ರಸದಿನ ದಾರಿಯನ್ನು ಆದಿಲಶಾಹಿಯ ಸವಾರರು ಪದೇ ಪದೇ ಕಡಿಯುತ್ತಿದ್ದುದರಿಂದ ಮೊಗಲ ಬೀಡಿನಲ್ಲಿ ಧಾನ್ಯವು ಮುಗಿಯುತ್ತ ಬಂದು, ಕುದುರೆಗಳು ಬಿದ್ದು, ಜನರು ಹಸಿವೆಯಿಂದ ಸಾಯತೊಡಗಿದರು. ಅನ್ನ ಕಳುಹಿಸಲಾರದ ತಂದೆಯು ಮಗನಿಗೆ ದಂಡನ್ನು ಹಿಂದೆಗೆದುಕೊಂಡು ಬಾ ಎಂದು ಬರೆದನು. ಆಜಮನು ಸರದಾರರನ್ನು ಕರೆದು ಅಭಿಪ್ರಾಯ ಕೇಳಿದನು. ಹಸನ್ ಅಲೀಖಾನನೇ ಮೊದಲಾದ ಹಿರಿಯರು, ಅನುಭವಿಗಳು, ಹಿಂದಿರುಗುವುದೇ ಲೇಸೆಂದರು. ಎಲ್ಲರ ಮಾತನ್ನೂ ಕೇಳಿದ ಶಹಜಾದೆಯು, ಅವರು ತಮ್ಮ ತಮ್ಮ ಪಾಲಿನ ಮಾತನ್ನು ಹೇಳಿದ್ದಾಯಿತು, ತಾನು ಮಾತ್ರ ತನ್ನ ಇಬ್ಬರು ಮಕ್ಕಳು ಮತ್ತು ಬೇಗಮಳೊಡನೆ ಜೀವವಿರುವವರೆಗೆ ಇಲ್ಲಿಂದ ಕದಲುವುದಿಲ್ಲ, ಸತ್ತ ಮೇಲೆ ಬಾದಶಹರು ಬಂದು ಹೆಣವನ್ನು ತೆಗೆಸಿಕೊಳ್ಳಲಿ, ಉಳಿಯುವವರು ಉಳಿಯಬಹುದು ಹೋಗುವವರು ಹೋಗಬಹುದು ಎಂದನಂತೆ. ಹಾಗೆಂದ ಮೇಲೆ ಹೋಗುತ್ತೇನೆನ್ನುವ ಗಂಡಸು ಯಾರು? ಎಲ್ಲರೂ ಉಳಿದರು. ಈ ಸುದ್ದಿ ತಿಳಿದ ಬಾದಶಹನು ತನ್ನ ಸರದಾರ ಫಿರೋಜ ಜಂಗನ ಕಾವಲಿನಲ್ಲಿ ಎತ್ತಿನ ಹೇರುಗಳ ದೊಡ್ಡದೊಂದು ಸಾಲನ್ನೇ ಕಳುಹಿಸಿದನು. ವಿಜಾಪುರದ ಸರದಾರ ಶರ್ಜಾಖಾನನು ಅದನ್ನು ಅಡ್ಡಗಟ್ಟಿ ಘೋರವಾಗಿ ಕಾದಿದರೂ ತಡೆಯಲಾರದೆ ಹೋದನು. ಬೀಡಿಗೆ ಜೋಳ ಬಂದಿತು, ಜೀವ ಬಂದಿತು. ಕೋಟೆಯೊಳಗಿನವರಿಗೆ ಸಗರದ ಬೇಡ ದೊರೆ ಪಾಮನಾಯಕನು ಆರು ಸಾವಿರ ಕಾಲಾಳುಗಳ ತಲೆಯ ಮೇಲೆ ಧಾನ್ಯದ ಗಂಟು ಹೊರಿಸಿ ಕಳುಹಿಸಿದಾಗ, ಅದೇ ಫಿರೋಜ ಜಂಗನು ಅವರನ್ನು ರಾತ್ರಿಯಲ್ಲಿ ಮುತ್ತಿ ಕಡಿದುಹಾಕಿದನು. ಸಗರದಿಂದ ವಿಜಾಪುರಕ್ಕೆ ನೆಟ್ಟಗೆ ಗೆರೆ ಎಳೆದರೆ ಅದು ಸಿಂದಗಿ-ತಾಳಿಕೋಟಿಗಳ ನಡುವಣ ಎರೆಯ ಮೇಲೆಯೇ ಹಾಯುತ್ತದೆ. ಆ ಆರು ಸಾವಿರ ಜನರಿಗೆ ಎಲ್ಲಿಯೂ ಒಂದು ವೀರಗಲ್ಲು ನಿಂತುದನ್ನು ನಾನು ಕೇಳಿಲ್ಲ.

ಮುಂದಿನ ವರ್ಷ ಬಾದಶಹನೇ ಬಂದು ಮೋರ್ಚಾಗಳನ್ನು ಮುಂದಕ್ಕೆ ಒತ್ತಿಸಿದನು. 1686ರ ಸೆಪ್ಟೆಂಬರ್ 12ರಂದು, ಹದಿನೆಂಟರ ಆಸುಪಾಸಿನ ಸಿಕಂದರ ಆದಿಲಶಹನು ಕೋಟೆಯಿಂದ ಹೊರಬಂದು ಶರಣಾದನು. ಶರ್ಜಾ ಬುರುಜಿನ ಮೇಲೆ ಇಂದಿಗೂ ಇರುವ ಮಲಿಕ-ಇ-ಮೈದಾನ ತೋಪಿನ ಮೈಮೇಲೆ, 1549ರಲ್ಲಿ ಅದನ್ನು ಎರಕ ಹೊಯ್ದ ರೂಮೀಖಾನನ ಕಾಲದ ಬರಹದ ಜೊತೆಗೆ, ಆಲಮಗೀರನು, ಎಂದರೆ ಔರಂಗಜೇಬನು, ವಿಜಾಪುರವನ್ನು ಗೆದ್ದ ಬರಹವನ್ನೂ ಕೊರೆಯಿಸಲಾಯಿತು. ಪ್ರವಾಸಿಗಳು ಸಿಂಹದ ಬಾಯಿಗೆ ಕೈ ಹಾಕಿ ಚಿತ್ರ ತೆಗೆಸಿಕೊಂಡು ಹೋಗುತ್ತಾರೆ. ಆ ಸಾಲುಗಳತ್ತ ಬಗ್ಗಿ ನೋಡುವವರು ಕಡಮೆ.

ಈ ಗೆಲುವೇ, ನನ್ನ ಮಟ್ಟಿಗೆ, ಅನರ್ಥದ ಮೂಲ. ಅಂದು ಹಿರಿಯ ಸರದಾರರು ಹೇಳಿದ ಮಾತು ಯುದ್ಧನೀತಿಗೆ ಸಮ್ಮತವಾದುದು. ಆಜಮನು ಆಡಿದುದು ಮಾನದ ಮಾತು. ದೈವವಶಾತ್ ಹೇರುಗಳು ಸಮಯಕ್ಕೆ ಬಂದು ಮಾನದ ಮಾತು ಗೆದ್ದುದರಿಂದ, ನೀತಿಯ ಮಾತು ಹೇಡಿತನದ ಮಾತೆಂಬ ಅಪಖ್ಯಾತಿಯನ್ನು ಹೊತ್ತು ಮೂಲೆಗೆ ಸೇರಿತು. ಅಂದಿನಿಂದ ಆ ದರಬಾರಿನಲ್ಲಿ ಹಿಂತಿರುಗೋಣವೆಂದು ಹೇಳುವವನು ಮೊದಲು ತಾನು ಹೇಡಿಯಲ್ಲವೆಂದು ಸಾಧಿಸಬೇಕಾಯಿತು. ವೃದ್ಧ ವಜೀರ ಅಸದಖಾನನು, ಎರಡು ದೊಡ್ಡ ರಾಜ್ಯಗಳು ಕೈಸೇರಿದುವಲ್ಲಾ, ಇನ್ನು ಹಿಂದೂಸ್ಥಾನಕ್ಕೆ ಬಿಜಯಂಗೈಯಬಹುದೆಂದು ಬಿನ್ನವಿಸಿದಾಗ, ಉಸಿರಿರುವವರೆಗೆ ಕೆಲಸದಿಂದ ಬಿಡುಗಡೆಯಿಲ್ಲವೆಂದು ಬಾದಶಹನು ಸಿಡುಕಿದನೆಂಬ ಪ್ರಸಂಗವು ಆ ಕಾಲದ ಕಥಾನಕಗಳಲ್ಲಿ ಬಂದಿದೆ. ಯಾವ ಕೆಲಸ, ಅದು ಎಷ್ಟಾದರೆ ಮುಗಿದಂತೆ ಎಂಬುದನ್ನು ಕೇಳುವ ಧೈರ್ಯವು ವಜೀರನಿಗೂ ಬರಲಿಲ್ಲ.

ನಿಂತ ಸೈನ್ಯವು ತಿನ್ನುತ್ತದೆ; ಮತ್ತು ಅದು ತಿನ್ನುವುದು ನಿಂತ ನೆಲವನ್ನೇ. ಮಳೆ ಬಿದ್ದ ಎರೆಯಲ್ಲಿ ಬಂಡಿ ಹೊಡೆದವರಿಗೆ ಗೊತ್ತು: ಗಾಲಿಯ ಮೊದಲ ಸುತ್ತಿಗೆ ಹತ್ತಿದ ಮಣ್ಣಿಗೆ ಎರಡನೆಯ ಸುತ್ತಿನ ಮಣ್ಣು ಹತ್ತಿ, ಸಂದುಗಳೆಲ್ಲ ಮುಚ್ಚಿಕೊಂಡು, ಕೊನೆಗೆ ಗಾಲಿಯು ಉರುಳುವುದನ್ನು ಬಿಟ್ಟು ಜಾರುತ್ತದೆ, ಎತ್ತು ಮೊಣಕಾಲೂರುತ್ತದೆ, ಒಕ್ಕಲಿಗನು ಇಳಿದು ಕಟ್ಟಿಗೆಯಿಂದ ಕೆಸರನ್ನು ಕೆತ್ತಿ ನಾಲ್ಕು ಮಾರು ಹೋಗುವಷ್ಟರಲ್ಲಿ ಮತ್ತೆ ಅದೇ ಪಾಡು. ಆದಕಾರಣ ದಂಡು ಮುಂಗಾರಿನಲ್ಲಿ ಒಂದೆಡೆ ಕುಳಿತು ಮಳೆ ನಿಂತ ಮೇಲೆ ಚಲಿಸಬೇಕು. ಮಳೆ ನಿಲ್ಲುವುದು ಯಾವಾಗ? ನಮ್ಮವರು ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ. ದಂಡಿನ ಓಡಾಟ ರಭಸವಾಗುವುದು ಯಾವಾಗ? ತೆನೆ ಹಾಲುಗಟ್ಟಿ, ಸುಗ್ಗಿ ಬರುವ ಹೊತ್ತಿಗೆ. ಡೋಣಿ ಹರಿದರೆ ಓಣಿಯೆಲ್ಲ ಜೋಳವೆನ್ನುವ ಈ ನಾಡಿನಲ್ಲಿ ಬಿತ್ತಿಗೆಯಿಂದ ರಾಶಿಯವರೆಗಿನ ಕಾಲವೂ ಸೈನ್ಯದ ಸಂಚಾರದ ಕಾಲವೂ ಒಂದೇ ಆಗಿ ಬಿದ್ದುವು. ಕಾಳು ದಂಡಿನ ಜನಕ್ಕೆ, ಕಣಕಿ ದಂಡಿನ ಕುದುರೆಗೆ. ನೆಲದೊಳಗೆ ಹಗೇವು ತೋಡಿ, ಒಳಮೈಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯನ್ನು ಮಣ್ಣಿನಿಂದ ಮೆತ್ತಿ ಅದರ ಮೇಲೆ ನಡೆದಾಡುವ ಪದ್ಧತಿಯು ನಮ್ಮಲ್ಲಿ ಬಹುಕಾಲ ಉಳಿದುಬಂದುದಕ್ಕೆ ಹುಳುವಿನ ಭಯವೊಂದೇ ಕಾರಣವೆಂದು ನಾನು ನಂಬಲಾರೆ.

1688ರ ಕೊನೆಗೆ ವಿಜಾಪುರದಲ್ಲಿ ಭಯಂಕರವಾದ ಪಿಡುಗು ಹಬ್ಬಿ, ಬಾದಶಹನ ಬೇಗಮಳೊಬ್ಬಳು ಅದಕ್ಕೆ ಬಲಿಯಾಗಿ, ಫಿರೋಜ ಜಂಗನು ಕಣ್ಣು ಕಳೆದುಕೊಂಡನು. ಅಲ್ಲಿಂದೆದ್ದ ಬೀಡು 1690ರ ದಶಕದಲ್ಲಿ ಹಲವು ಕಾಲ ಕೃಷ್ಣೆಯ ದಂಡೆಯ ಗಲಗಲಿಯಲ್ಲಿ, ಆಮೇಲೆ ಭೀಮೆಯ ದಂಡೆಯ ಬ್ರಹ್ಮಪುರಿಯಲ್ಲಿ ನೆಲೆಸಿತು. ಗಲಗಲಿಯ ಬೀಡನ್ನು 1695ರ ಮಾರ್ಚ್ ತಿಂಗಳಲ್ಲಿ ಕಣ್ಣಾರೆ ಕಂಡ ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿಯು, ಅರವತ್ತು ಸಾವಿರ ಕುದುರೆ, ಲಕ್ಷ ಕಾಲಾಳು, ಐವತ್ತು ಸಾವಿರ ಒಂಟೆ, ಮೂರು ಸಾವಿರ ಆನೆ, ಇನ್ನೂರೈವತ್ತು ಪೇಟೆಗಳೆಂದು ಲೆಕ್ಕ ಹೇಳುತ್ತಾನೆ. ಪ್ರವಾಸಿಗಳ ಲೆಕ್ಕದಲ್ಲಿ ಅರ್ಧ ಕಳೆದರೂ ಉಳಿಯುವುದು ಒಂದು ಮಹಾನಗರವೇ ಸರಿ. ಬಾಗಿದ ಬೆನ್ನಿನ, ಬಿಳಿಯ ಗಡ್ಡದ ಮುದುಕನೊಬ್ಬನು ಕೋಲೂರಿ ಬಂದು ಕುಳಿತು, ಕನ್ನಡಕವಿಲ್ಲದೆ ಅರ್ಜಿಗಳನ್ನೋದಿ ತನ್ನ ಕೈಯಿಂದಲೇ ಅವುಗಳ ಮೇಲೆ ಅಪ್ಪಣೆ ಬರೆಯುತ್ತಿದ್ದುದನ್ನು ಅವನು ನೋಡಿದನು. ಹೋರಾಡುವವರಿಗಿಂತ ಹಿಂಬಾಲಕರೇ ಹೆಚ್ಚಾಗಿರುವ ಇಂತಹ ನಗರವು ಎದ್ದು ನಡೆಯತೊಡಗಿತೆಂದರೆ ಅದನ್ನು ಕಾಯುವುದು ಶತ್ರುವನ್ನು ಗೆಲ್ಲುವುದಕ್ಕಿಂತ ಕಷ್ಟ. 1842ರ ಜನವರಿಯಲ್ಲಿ ಕಾಬೂಲಿನಿಂದ ಹೊರಟ ಇಂಗ್ಲಿಷ್ ಸೈನ್ಯದಲ್ಲಿ ಸೈನಿಕರು ಸುಮಾರು 4,500, ಹಿಂಬಾಲಕರು ಸುಮಾರು 12,000. ಹಿಮದ ಕಣಿವೆಗಳಲ್ಲಿ ಒಂದೇ ವಾರದೊಳಗೆ ಆ ಸಮೂಹವು ನಾಶವಾದುದನ್ನು ನೆನೆದರೆ, ಹೊರಡುವ ಋತುವನ್ನು ಆಯ್ದುಕೊಳ್ಳುವುದೂ ರಾಜಕಾರಣದ ಭಾಗವೆಂಬುದು ತಿಳಿಯುತ್ತದೆ.

1700ರಲ್ಲಿ ಸಂಭಾಜಿಯ ತಮ್ಮ ರಾಜಾರಾಮನು ತೀರಿಕೊಂಡಾಗ ಅವನ ಹೆಂಡತಿ ತಾರಾಬಾಯಿಯು ಸಂಧಿಗೆ ಕೈ ಚಾಚಿದಳು. ಮಗನಿಗೆ ಏಳು ಸಾವಿರದ ಮನಸಬು ಮತ್ತು ದಖ್ಖಣದ ದೇಶಮುಖಿ ಕೊಟ್ಟರೆ ಐದು ಸಾವಿರ ಸವಾರರನ್ನೂ ಏಳು ಕೋಟೆಗಳನ್ನೂ ಒಪ್ಪಿಸುವುದಾಗಿ ಅವಳ ಪ್ರಸ್ತಾಪ. ಮಾನದಿಂದ ದಂಡು ಕೀಳುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಅವನಿಗೆ ಮತ್ತೆ ಬರಲಿಲ್ಲ. ಅವನು ಒಲ್ಲೆನೆಂದನು; ಎಲ್ಲ ಕೋಟೆಗಳೂ ಬೇಕೆಂದನು. ಅದೇ ವರ್ಷ ಮಾಣ ನದಿಯ ಖವಾಸಪುರದಲ್ಲಿ ರಾತ್ರಿ ಏಕಾಏಕಿ ನೆರೆ ಬಂದು ಬೀಡು ಕೊಚ್ಚಿಹೋಯಿತು. ಗಾಬರಿಯಲ್ಲಿ ಕಾಲುಜಾರಿ ಮೊಣಕಾಲು ಉಳುಕಿಸಿಕೊಂಡ ಬಾದಶಹನು ಕಡೆಯವರೆಗೂ ಕುಂಟಿದನು. ಇದು ಮೂಲಪುರುಷ ತೈಮೂರನ ಲಕ್ಷಣವೆಂದು ಆಸ್ಥಾನಿಕರು ಸಂತೈಸಿದರಂತೆ. ಕುಂಟುತನವನ್ನೂ ವಂಶದ ಕೀರ್ತಿಯನ್ನಾಗಿ ಮಾಡಬಲ್ಲ ಸಲಹೆಗಾರರಿರುವಲ್ಲಿ ಹಿಂತಿರುಗುವ ಸಲಹೆ ಹುಟ್ಟುವುದೆಂತು?

ಕೋಟೆಗಳು ಒಂದಾದ ಮೇಲೊಂದು ಕೈಸೇರಿದುವು, ಸಾತಾರೆ, ಪನ್ಹಾಳೆ, ಸಿಂಹಗಡ, ರಾಜಗಡ. ಬೆನ್ನು ತಿರುಗಿಸಿದ ಮೇಲೆ ಹಲವು ಮತ್ತೆ ಕೈತಪ್ಪಿದುವು. ಕಟ್ಟಕಡೆಯ ಮುತ್ತಿಗೆ ನಮ್ಮ ನೆರೆಯಲ್ಲಿಯೇ ನಡೆಯಿತು. ಸುರಪುರದ ಬಳಿಯ ವಾಗಣಗೇರಾ ಕೋಟೆಯಲ್ಲಿ ಪಾಮನಾಯಕನ ವಂಶದ ಪಿಡ್ಡನಾಯಕನು ತನ್ನ ಬೇಡರ ಬಂದೂಕುಗಾರರೊಂದಿಗೆ 1705ರಲ್ಲಿ ಎಂಬತ್ತಾರು ವರ್ಷದ ಚಕ್ರವರ್ತಿಯನ್ನು ಮೂರು ತಿಂಗಳ ಸಮೀಪ ತಡೆದು ನಿಲ್ಲಿಸಿದನು. ನಡುವೆ ಸಂಧಿಯ ಮಾತನ್ನಾಡಿ, ತನಗೆ ಹುಚ್ಚು ಹಿಡಿದಿದೆಯೆಂಬ ಸುದ್ದಿಯನ್ನೂ ಹಬ್ಬಿಸಿ ಕಾಲ ಗಳಿಸಿಕೊಂಡನು. ಇನ್ನು ಉಳಿಯುವಂತಿಲ್ಲವೆಂದು ಕಂಡ ರಾತ್ರಿ ಮನೆಗಳಿಗೆ ಬೆಂಕಿಯಿಟ್ಟು, ತನ್ನವರೊಡನೆ ಕತ್ತಲೆಯಲ್ಲಿ ಹೊರಬಿದ್ದನು. ಮೊಗಲರಿಗೆ ದೊರೆತುದು ಬರಿಯ ಉರಿಯುವ ಕೋಟೆ. ಆ ಇಡೀ ಯುದ್ಧದಲ್ಲಿ ಎಲ್ಲಿಯವರೆಗೆ ನಿಲ್ಲಬೇಕು, ಎಂದು ಹೊರಡಬೇಕು, ಯಾರನ್ನು ಜೊತೆಗೆ ಕರೆದೊಯ್ಯಬೇಕು ಎಂಬ ಮೂರನ್ನೂ ಮೊದಲೇ ಗೊತ್ತುಮಾಡಿಕೊಂಡಿದ್ದವನು ಈ ನಾಯಕನೊಬ್ಬನೇ ಎಂದರೆ ಅತಿಶಯೋಕ್ತಿಯಾಗದು. ಬಾದಶಹನಾದರೋ ಪಕ್ಕದ ದೇವಾಪುರದಲ್ಲಿ ಹಾಸಿಗೆ ಹಿಡಿದು, ಮಳೆಗಾಲ ಕಳೆದ ಮೇಲೆ ಪಲ್ಲಕ್ಕಿಯಲ್ಲಿ ಮಲಗಿಕೊಂಡೇ ವಾಯವ್ಯಕ್ಕೆ ಹೊರಟನು. ಹಿಂದೆ ಮುಂದೆ ಮರಾಠರ ಸವಾರರು ಕಚ್ಚುತ್ತಿರಲು, 1706ರ ಜನವರಿಯಲ್ಲಿ ಅಹಮದನಗರವನ್ನು ಸೇರಿದನು. ಇದನ್ನು ಹಿಂತೆಗೆತವೆನ್ನುವುದು ದಾಕ್ಷಿಣ್ಯದ ಮಾತು. ಶರೀರವು ಕೈಬಿಟ್ಟುದರಿಂದ ಯುದ್ಧವು ನಿಂತಿತು, ಅಷ್ಟೆ.

ಸ್ವತಂತ್ರ ಭಾರತಕ್ಕೂ ಈ ಪರೀಕ್ಷೆ ಒಮ್ಮೆ ಒದಗಿತು. 1987ರ ಜುಲೈ 29ರಂದು ಪ್ರಧಾನಿ ರಾಜೀವ ಗಾಂಧಿ ಮತ್ತು ಶ್ರೀಲಂಕೆಯ ಅಧ್ಯಕ್ಷ ಜಯವರ್ಧನೆಯವರು ಕೊಲಂಬೊದಲ್ಲಿ ಮಾಡಿಕೊಂಡ ಒಪ್ಪಂದದಂತೆ ನಮ್ಮ ಶಾಂತಿಪಾಲನಾ ಪಡೆಯು ಶ್ರೀಲಂಕೆಗೆ ಹೋಯಿತು. ತಮಿಳು ಹುಲಿಗಳಿಂದ ಶಸ್ತ್ರ ಒಪ್ಪಿಸಿಕೊಳ್ಳಲು ಹೋದವರು ಅಕ್ಟೋಬರಿನ ಹೊತ್ತಿಗೆ ಅವರೊಡನೆಯೇ ಯುದ್ಧ ಮಾಡತೊಡಗಿದ್ದರು. ಬೆಳಗಾವಿಯಲ್ಲಿ ನೆಲೆಯುಳ್ಳ ಮರಾಠಾ ಲಘು ಪದಾತಿ ದಳದವರೂ ಅಲ್ಲಿ ಕಾದಿದರು. ಶಾಂತಿ ಕಾಯುವುದಕ್ಕೆಂದು ಹೊರಟ ದಂಡಿಗೆ ಮರಳುವ ದಿನವನ್ನು ಯಾರು ಗೊತ್ತುಮಾಡಬೇಕೆಂಬುದು ಬರೆದಿರಲಿಲ್ಲ. ಅದನ್ನು ಕೊನೆಗೆ ಗೊತ್ತುಮಾಡಲು ಹೊರಟವರು ಕರೆಸಿಕೊಂಡವರೇ: 1989ರ ಜೂನ್ ತಿಂಗಳಲ್ಲಿ ಅಧ್ಯಕ್ಷ ಪ್ರೇಮದಾಸರು ಜುಲೈ ಮುಗಿಯುವುದರೊಳಗೆ ತೆರಳಬೇಕೆಂದು ಬಹಿರಂಗವಾಗಿ ಕೇಳಿದರು. ದೆಹಲಿಯು, ತಮಿಳರಿಗೆ ಅಧಿಕಾರ ಹಂಚಿಕೆಯಾಗದೆ ಹೊರಡುವುದೆಂತು ಎಂದಿತು. ಸೆಪ್ಟೆಂಬರಿನಲ್ಲಿ ಒಪ್ಪಂದವಾಗಿ, ವರ್ಷದ ಕೊನೆಗೆ ವಿ.ಪಿ. ಸಿಂಗರ ಸರಕಾರ ಬಂದು, 1990ರ ಮಾರ್ಚ್ 24ರಂದು ಟ್ರಿಂಕೋಮಲಿಯಿಂದ ಕಡೆಯ ತುಕಡಿ ಹಡಗೇರಿತು. ಸುಮಾರು 1,200 ಯೋಧರು ಮರಳಲಿಲ್ಲ. ಮರಳಿದವರ ಸ್ವಾಗತಕ್ಕೆ ಮದರಾಸಿನ ಬಂದರಿಗೆ ಆ ರಾಜ್ಯದ ಮುಖ್ಯಮಂತ್ರಿಗಳು ಬರಲಿಲ್ಲ. ಪಡೆಯು ಒಂದೊಂದೇ ಜಿಲ್ಲೆಯನ್ನು ತೆರವು ಮಾಡಿದಂತೆ ಹುಲಿಗಳು ಅದನ್ನು ಆಕ್ರಮಿಸಿದರು. ನಮ್ಮನ್ನು ನಂಬಿ ಪ್ರಾಂತ್ಯದ ಆಡಳಿತ ನಡೆಸಿದ್ದ ವರದರಾಜ ಪೆರುಮಾಳರು ಭಾರತಕ್ಕೆ ಬಂದು ತಲೆಮರೆಸಿಕೊಳ್ಳಬೇಕಾಯಿತು.

ಹಾಗೆಂದು ಅಂದು ಹೊರಟುದು ತಪ್ಪೆನ್ನಲಾಗದು. ಹೊರಡುವುದು ನ್ಯಾಯವಾಗಿತ್ತು, ಹೊರಡುವ ಕ್ರಮದಲ್ಲಿ, ಹಿಂದೆ ಉಳಿಯುವವರಿಗೆ ಏನು ಗತಿ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ರಷ್ಯದವರು ಅಫಘಾನಿಸ್ಥಾನದಿಂದ 1988ರ ಮೇ 15ರಂದು ಹೊರಡತೊಡಗಿ, ಸಾರಿದ ದಿನದಂತೆಯೇ 1989ರ ಫೆಬ್ರವರಿ 15ರಂದು ಅಮು ನದಿಯ ಸೇತುವೆ ದಾಟಿದರು. ಅನ್ನ, ಇಂಧನ, ಮದ್ದುಗುಂಡುಗಳನ್ನು ಮಾತ್ರ ಕಳುಹಿಸುತ್ತಲೇ ಇದ್ದರು. ಆದುದರಿಂದ ಅವರು ಬಿಟ್ಟುಹೋದ ನಜೀಬುಲ್ಲಾನ ಸರಕಾರವು 1992ರ ಏಪ್ರಿಲ್‌ವರೆಗೆ ನಿಂತಿತು, ಕಳುಹಿಸುವ ಸೋವಿಯತ್ ರಾಜ್ಯವೇ ಕುಸಿದ ಮೇಲೆ ತಾನೂ ಬಿದ್ದಿತು. ಅಮೆರಿಕದವರು ಬಿಟ್ಟ ಸರಕಾರವು ಅವರ ಕಡೆಯ ವಿಮಾನ ಏರುವ ಮೊದಲೇ ಇರಲಿಲ್ಲ.

ಹಾಗಾದರೆ ಔರಂಗಜೇಬನಿಗೆ ಗೌರವದಿಂದ ಮರಳುವ ಉಪಾಯವೇ ಇರಲಿಲ್ಲವೆ? ಇತ್ತು, ಅದೂ ಅವನ ಬೀಡಿನಲ್ಲಿಯೇ, ಅವನ ಕಾವಲಿನಲ್ಲಿಯೇ ಇತ್ತು. ರಾಯಗಡ ಬಿದ್ದಾಗ ತಾಯಿ ಯೇಸೂಬಾಯಿಯೊಡನೆ ಸೆರೆಸಿಕ್ಕ ಸಂಭಾಜಿಯ ಮಗ ಶಾಹು, ಏಳು ವರ್ಷದ ಹುಡುಗನಾಗಿ ಬಂದವನು, ಬೀಡು ಹೋದಲ್ಲೆಲ್ಲ ಹೋಗುತ್ತ ಆ ಡೇರೆಗಳಲ್ಲಿಯೇ ಬೆಳೆದು ಯುವಕನಾದನು. ಅವನನ್ನು ಬಿಟ್ಟು, ಅವನೊಡನೆ ಒಡಂಬಡಿಕೆ ಮಾಡಿಕೊಳ್ಳುವ ಮಾತು 1703ರಲ್ಲಿ ನಡೆದು, ಪರಸ್ಪರ ಸಂಶಯದಿಂದ ಮುರಿಯಿತು.

1707ರ ಮಾರ್ಚ್ 3ರಂದು ಅಹಮದನಗರದಲ್ಲಿ ಬಾದಶಹನು ಕಣ್ಣು ಮುಚ್ಚಿದನು. ಬಳಿಯಲ್ಲಿದ್ದ ಆಜಮನು ತಾನೇ ಬಾದಶಹನೆಂದು ಸಾರಿಕೊಂಡು, ಅಣ್ಣನೊಡನೆ ಸಿಂಹಾಸನಕ್ಕಾಗಿ ಕಾದಲು, ಒಂದು ತಿಂಗಳೂ ತಡೆಯದೆ ಸೈನ್ಯದೊಡನೆ ಉತ್ತರಕ್ಕೆ ಹೊರಟನು. ದಾರಿಯಲ್ಲಿ ಶಾಹುವನ್ನು ಬಿಟ್ಟುಬಿಟ್ಟನು. ಜೂನ್ ತಿಂಗಳಲ್ಲಿ ಆಗ್ರಾದ ಬಳಿಯ ಜಾಜವಿನಲ್ಲಿ ಅವನೂ ಅವನ ಮಕ್ಕಳಾದ ಬೀದರ ಬಖ್ತ ಮತ್ತು ವಾಲಾ ಜಾಹರೂ ಹತರಾದರು. ಶಾಹು ಸಾತಾರೆಗೆ ಹೋಗಿ 1708ರ ಜನವರಿಯಲ್ಲಿ ಪಟ್ಟವೇರಿದನು. ತಾರಾಬಾಯಿಗೂ ಅವನಿಗೂ ನಡೆದ ಕಲಹದಲ್ಲಿ ಮರಾಠರ ಬಲವು ಎರಡಾಗಿ ಒಡೆಯಿತು. ಹದಿನೇಳು ವರ್ಷಕ್ಕೂ ಮಿಕ್ಕು ಕೈಯಲ್ಲಿದ್ದ ಆ ಒಬ್ಬ ಸೆರೆಯಾಳನ್ನು ಬಿಡುವುದರಿಂದ ಆದ ಕೆಲಸವು, ಲಕ್ಷ ದಂಡು ಈ ನೆಲದ ಜೋಳವನ್ನೆಲ್ಲ ತಿಂದರೂ ಆಗಿರಲಿಲ್ಲ.